ಆಚೆ ದಡದ ತೋಪು

ಹಾಲಿಜಾ ಆಚೆ ದಡದ ಹುಡುಗಿ. ಮದುವೆಯಾಗಿ ಈಚೆ ದಡಕ್ಕೆ ಬಂದ ಮೊದಲನೇ ರಂಜಾನಿನಲ್ಲೇ ಅವಳ ಕಿವಿಯ ವಿಷಯ ಮಸ್ದಾರನಿಗೆ ಗೊತ್ತಾಯಿತು. ಉಪವಾಸ ಬಿಟ್ಟು ಗಂಜಿ ಕುಡಿಯುತ್ತ ಕೂತಿದ್ದರು. ಕಾಪುವಾಸ್ ನದಿಯ ಆಚೆಯಿಂದ ತೋಪಿನ ಸದ್ದು ಬಂತು. ಕಂಬಗಳ ಮೇಲೆ ನಿಂತ ಮನೆಯ ಹಲಗೆಗಳು ಸಣ್ಣಗೆ ನಡುಗಿದವು. ಹಾಲಿಜಾ ಸೌಟನ್ನು ಹಾಗೇ ಎತ್ತಿ ಹಿಡಿದು, "ಅದು ಜುಹಾರ್ದಿದು," ಅಂದಳು.

"ಹೆಂಗ್ ಗೊತ್ತು?"

"ಕೇಳಿದ್ರೆ ಗೊತ್ತಾಗಲ್ವಾ ಬಾಂಗ್? ಹೊಟ್ಟೆಯಿಂದ ಬರತ್ತೆ ಅದು." ನಮ್ಮಲ್ಲಿ ಗಂಡನನ್ನೂ ಹಿರಿಯನನ್ನೂ ಬಾಂಗ್ ಅಂತಲೇ ಕರೆಯುವುದು.

ಮಸ್ದಾರನಿಗೆ ಯಾವ ಹೊಟ್ಟೆಯೂ ಕೇಳಿಸಲಿಲ್ಲ. ಎಲ್ಲ ತೋಪುಗಳಂತೆ ಅದೂ ಢಂ ಅಂದಿತ್ತು. ಅವನು ಮೀಸೆ ಮೂಡುವ ಮೊದಲಿನಿಂದ ಮರದ ತೋಪು ಕೆತ್ತಿದವನು. ಹಗಲು ದೋಣಿ ರಿಪೇರಿ, ಹಬ್ಬ ಬಂದರೆ ತೋಪು. ಅವನಿಗೆ ಹಿಡಿಸದೇ ಹೋದದ್ದು ಸದ್ದಲ್ಲ, ಸದ್ದು ಕೇಳಿದಾಗಿನ ಹೆಂಡತಿಯ ಮುಖ. ತುಂಬ ದಿನದ ಮೇಲೆ ತಂಪು ನೀರು ಕುಡಿದವರ ಮುಖದ ಹಾಗಿತ್ತು ಅದು.

ಜುಹಾರ್ದಿ ಆಚೆ ದಡದ ದೋಣಿಯವನು. ಹಾಲಿಜಾಳನ್ನು ಅವನಿಗೆ ಕೊಡುವ ಮಾತು ನಡೆದಿತ್ತು. ಮೊದಲು ಅವನ ಅಕ್ಕನ ಮದುವೆಯಾಗಲಿ, ಆಮೇಲೆ ನೋಡೋಣ ಅಂತ ಅವನ ಮನೆಯವರು ಕೂತಿದ್ದರು. ಅಷ್ಟರಲ್ಲಿ ಮಸ್ದಾರ್ ದೋಣಿಕಟ್ಟೆಯಲ್ಲಿ ಹಾಲಿಜಾಳನ್ನು ನೋಡಿದ. ಆ ತಿಂಗಳು ಮುಗಿಯುವ ಮೊದಲೇ ಅವನ ತಾಯಿ ಸಾನಿಯಾ ಎಲೆಯಡಿಕೆ ಪೆಟ್ಟಿಗೆ ಹಿಡಿದು ನದಿ ದಾಟಿದಳು. ಮದುವೆ ಮುಗಿದೇ ಹೋಯಿತು. ಜುಹಾರ್ದಿ ಇವತ್ತಿಗೂ ಮದುವೆಯಾಗಿಲ್ಲ. ಅದು ಅವನ ಸೋಮಾರಿತನ ಅಂತ ನಮ್ಮ ಗಲ್ಲಿಯವರೆಲ್ಲ ಹೇಳುತ್ತಾರೆ. ಮಸ್ದಾರ್ ಮಾತ್ರ ಹೇಳುವುದಿಲ್ಲ.

ಆಮೇಲಿನ ಪ್ರತಿ ರಂಜಾನಿನಲ್ಲೂ ಅದೇ ಆಯಿತು. ಬಟ್ಟೆ ಒಣಗಿಸುತ್ತಿರಲಿ, ಮೀನು ಸೀಳುತ್ತಿರಲಿ, ಆಚೆಯಿಂದ ಸದ್ದು ಬಂದರೆ ಹಾಲಿಜಾ ಒಂದು ಗಳಿಗೆ ಕೈ ನಿಲ್ಲಿಸುತ್ತಿದ್ದಳು. "ಜುಹಾರ್ದಿ." ಅಷ್ಟೇ. ಸುಳ್ಳು ಹೇಳುವ, ಮುಚ್ಚಿಡುವ ಅಭ್ಯಾಸ ಅವಳಿಗಿರಲಿಲ್ಲ. ಮಳೆ ಬಂತು ಅನ್ನುವಷ್ಟೇ ಸಲೀಸಾಗಿ ಹೇಳುತ್ತಿದ್ದಳು. ಮಸ್ದಾರನ ತೋಪಿನ ಬಗ್ಗೆ ಮಾತ್ರ ತಾನಾಗಿ ಯಾವತ್ತೂ ಮಾತೆತ್ತಲಿಲ್ಲ.

"ನಂದು ಹೆಂಗಿತ್ತು?" ಅಂತ ಅವನೇ ಕೇಳಬೇಕು.

"ಚೆನ್ನಾಗಿತ್ತು."

ಬೇರೆಯವರ ಮನೆಯಲ್ಲಿ ಊಟ ಮಾಡಿ ಕೈ ತೊಳೆಯುವಾಗ ಹೇಳುವ ಚೆನ್ನಾಗಿತ್ತು ಅದು. ಮಸ್ದಾರನಿಗೆ ಬೇಕಾದದ್ದು ಬೇರೆ. ಒಂದೇ ಒಂದು ಸಲ, ಅವನು ಎದುರಿಗಿಲ್ಲದ ಹೊತ್ತಿನಲ್ಲಿ, ಅವಳು ಸೌಟು ಎತ್ತಿ ಹಿಡಿದು ಅವನ ಹೆಸರು ಹೇಳಬೇಕು. ಅದೇ ಮುಖದಲ್ಲಿ.

ಹಾಗಂತ ನಮ್ಮ ದಡದಲ್ಲಿ ಮಸ್ದಾರ್ ಸಾಮಾನ್ಯನಲ್ಲ. ಹಬ್ಬದ ಹಿಂದಿನ ಸಂಜೆ ಎರಡೂ ದಡಗಳಲ್ಲಿ ತೋಪುಗಳನ್ನು ಸಾಲಾಗಿ ಮಲಗಿಸುತ್ತಾರೆ. ಅವರು ಹೊಡೆದರೆ ನಾವು ಉತ್ತರ ಕೊಡಬೇಕು, ನಾವು ಹೊಡೆದರೆ ಅವರು. ಉತ್ತರ ಎಷ್ಟು ಬೇಗ ಹೋದರೆ ಅಷ್ಟು ಮರ್ಯಾದೆ. ತಡವಾದರೆ ಎದುರು ದಡದವರು ತಟ್ಟೆ ಬಡಿದು ಕೂಗುತ್ತಾರೆ. ಉತ್ತರ ಕೊಡುವುದರಲ್ಲಿ ಮಸ್ದಾರನಷ್ಟು ಚುರುಕು ಕೈ ಇನ್ನೊಂದಿಲ್ಲ. ನಮ್ಮ ಗುಂಪಿನ ಹಿರಿಯ ಪಾ ಲೊಂಗ್ ಸಬ್ರಾನ್ ಅವನ ಬೆನ್ನು ತಟ್ಟಿ, "ಅವರ ಸದ್ದು ನೀರಿಗೆ ಬೀಳೋದ್ರೊಳಗೆ ನಮ್ದು ಹೋಗಿರತ್ತೆ ನೋಡು," ಅಂತ ಎಲ್ಲರೆದುರು ಹೇಳುತ್ತಿದ್ದ.

ಕೈ ಸರಿಯಿದೆ ಅಂದಮೇಲೆ ತಪ್ಪು ತೋಪಿನದ್ದೇ ಇರಬೇಕು. ಒಂದು ವರ್ಷ ಮಸ್ದಾರ್ ಇನ್ನೂ ಉದ್ದದ ದಿಮ್ಮಿ ತರಿಸಿದ. ಇನ್ನೊಂದು ವರ್ಷ ಒಳಗಿನ ಪೊಳ್ಳು ಹಿಗ್ಗಿಸಿದ. ಮತ್ತೊಂದು ವರ್ಷ ಬೆತ್ತದ ಬಳೆಗಳನ್ನು ಒತ್ತೊತ್ತಾಗಿ ಬಿಗಿದ. "ಚೆನ್ನಾಗಿತ್ತು," ಅಂದಳು ಹಾಲಿಜಾ ಮೂರು ಸಲವೂ.

ಈ ವರ್ಷ ಅವನು ನದಿ ದಾಟಿದ. ಅತ್ತೆಗೆ ಮಂಡಿನೋವಿನ ಎಣ್ಣೆ ಕೊಡುವ ನೆಪ.

ತೋಪಿನ ದಿಮ್ಮಿಗಳನ್ನು ಹಬ್ಬವಾದಮೇಲೆ ನದಿಯ ಕೆಸರಲ್ಲಿ ಮುಳುಗಿಸಿಡುತ್ತಾರೆ. ಹೊರಗಿಟ್ಟರೆ ಬಿಸಿಲಿಗೆ ಸೀಳುತ್ತವೆ. ರಂಜಾನಿಗೆ ಮುಂಚೆ ಎತ್ತಿ ತೊಳೆಯುತ್ತಾರೆ. ಮಸ್ದಾರ್ ಹೋದಾಗ ಜುಹಾರ್ದಿ ದಡದಲ್ಲಿ ತನ್ನ ತೋಪಿನ ಮೇಲೆ ಕಾಲು ಚಾಚಿ ಕೂತು ಚಿಪ್ಪಿನಿಂದ ಕೆಸರು ಕೆರೆಯುತ್ತಿದ್ದ. ಕೆರೆಯುವುದಕ್ಕಿಂತ ಕೂತಿದ್ದೇ ಹೆಚ್ಚು. ಹೊಟ್ಟೆ ಬಂದಿತ್ತು. ಅದನ್ನು ನೋಡಿ ಮಸ್ದಾರನಿಗೆ ಕೊಂಚ ಸಮಾಧಾನವಾಯಿತು. ಮರುಗಳಿಗೆಯೇ, ಹೊಟ್ಟೆ ಬಂದರೂ ಮುಖ ಹುಡುಗನ ಹಾಗೇ ಇದೆಯಲ್ಲ ಅನ್ನಿಸಿ ಸಮಾಧಾನ ಹೋಯಿತು.

"ಓ ಹೋ! ಅಳಿಯಂದ್ರು ಬಂದ್ರು," ಅಂದ ಜುಹಾರ್ದಿ. "ಏನು, ನಿಮ್ಮ ದಡದಲ್ಲಿ ಕೆಸರು ಖಾಲಿಯಾಯ್ತಾ? ನಮ್ಮದು ನೋಡೋಕ್ ಬಂದೆ?"

"ಅತ್ತೆಗೆ ಎಣ್ಣೆ ತಂದಿದ್ದೆ."

"ಅತ್ತೆ ಮನೆ ಆ ಕಡೆ ಅಲ್ವಾ?"

ಮಸ್ದಾರ್ ತೋಪಿನ ಬಾಯಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬಸವನಹುಳು ತೆಗೆಯುವವನ ಹಾಗೆ ಕೈ ಒಳಗೆ ಹಾಕಿದ. ಅಂಗೈಯಲ್ಲಿ ಬೆತ್ತದ ಸೀಳೊಂದಿತ್ತು. ಅದನ್ನು ಅಡ್ಡ ಹಿಡಿದು, ಪೊಳ್ಳಿನ ಅಗಲಕ್ಕೆ ಸರಿಯಾಗಿ ಲಟ್ಟನೆ ಮುರಿದ.

"ಅಯ್ಯೋ ಮಾರಾಯ, ಅಳತೆ ತಗೋತಿದ್ದೀಯಾ?" ಜುಹಾರ್ದಿ ನಕ್ಕುಬಿಟ್ಟ. "ಕದಿಯೋದ್ಯಾಕೆ, ಕೇಳಿದ್ರೆ ಹೇಳಲ್ವಾ? ಏ, ಹಗ್ಗ ತನ್ನಿ ಯಾರಾದ್ರೂ! ನೋಡಿಲ್ಲಿ, ಉದ್ದ ಇಷ್ಟು. ಗೋಡೆ ದಪ್ಪ ಒಂದು ಗೇಣು. ಹಿಂದೆ ಇನ್ನೂ ಸ್ವಲ್ಪ ದಪ್ಪ. ಮರ ಮಾಬಾಂಗ್. ಇನ್ನೇನ್ ಬೇಕು? ನನ್ನ ಚಡ್ಡಿ ಅಳತೆ ಬೇಕಾ?"

ಸುತ್ತ ಇದ್ದವರು ನಕ್ಕರು. ಹಗ್ಗ ಹಿಡಿದು ಅಳೆಯಲು ಅವನೇ ನೆರವಾದ. ಗಂಟು ಹಾಕಿ ಕೊಟ್ಟ. ಅವನು ಬಚ್ಚಿಟ್ಟಿದ್ದರೆ, ಬೈದು ಅಟ್ಟಿದ್ದರೆ ಮಸ್ದಾರನಿಗೆ ಎಷ್ಟೋ ಮೇಲಾಗಿತ್ತು. ಹೀಗೆ ಕೈಬಿಚ್ಚಿ ಕೊಡುವವನನ್ನು ದ್ವೇಷಿಸುವುದು ಕಷ್ಟದ ಕೆಲಸ. ಆದರೂ ಅವನು ಮಾಡಿದ.

ಹೊರಡುವಾಗ ಜುಹಾರ್ದಿ ಕೇಳಿದ, "ನಂದು ಹೊಡೆದಾಗ ಹಾಲಿಜಾಗೆ ಅಲ್ಲಿಗೆ ಕೇಳಿಸತ್ತಾ?"

"ಇಲ್ಲ," ಅಂದ ಮಸ್ದಾರ್. "ಆ ಹೊತ್ತಿಗೆ ನಮ್ಮನೇಲಿ ಟಿವಿ ಹಾಕಿರ್ತೀವಿ."

ಹೊಸ ದಿಮ್ಮಿ ಮೇಲಿನ ಕಾಡಿನಿಂದ ನದಿಯಲ್ಲೇ ತೇಲಿ ಬಂತು. ಮಾಬಾಂಗ್. ಅದನ್ನು ಉದ್ದಕ್ಕೆ ಎರಡು ಹೋಳಾಗಿ ಸೀಳಿ, ಎರಡನ್ನೂ ಬಾಚಿಯಿಂದ ತೋಡಿ, ಮತ್ತೆ ಮುಖಕ್ಕೆ ಮುಖ ಕೂಡಿಸಿ, ನೆನೆಸಿದ ಬೆತ್ತದ ಬಳೆ ತೊಡಿಸಿ, ಬಳೆಗೂ ಮರಕ್ಕೂ ನಡುವೆ ಬೆಣೆ ಹೊಡೆದು ಬಿಗಿಯಬೇಕು. ಉಪವಾಸದ ಬಾಯಲ್ಲಿ ಉಗುಳೂ ಇಲ್ಲದೆ ಮಸ್ದಾರ್ ಬಾಚಿ ಬೀಸಿದ. ಗಂಟುಹಾಕಿದ ಹಗ್ಗವನ್ನು ಗಳಿಗೆಗೊಮ್ಮೆ ಹಿಡಿದು ನೋಡುತ್ತಿದ್ದ. ಕೂದಲಷ್ಟೂ ಆಚೀಚೆ ಆಗಬಾರದು.

ಜೊತೆಗೆ ಕೆಲಸ ಮಾಡುತ್ತಿದ್ದ ರುಸ್ಲಿಗೆ ಬಾಯಿ ಸುಮ್ಮನಿರುವುದಿಲ್ಲ. "ಇದೇನ್ ಬಾಂಗ್, ತೋಪು ಮಾಡ್ತಿದ್ದೀವೋ, ಜುಹಾರ್ದಿಗೆ ಅವಳಿ ಹೆರ್ತಿದ್ದೀವೋ?"

"ಬಾಯ್ ಮುಚ್ಚು. ಉಪವಾಸ ಮುರಿಯತ್ತೆ."

"ಮಾತಾಡಿದ್ರೆ ಮುರಿಯಲ್ಲ. ಹೊಟ್ಟೆಕಿಚ್ಚಿಂದ ಮುರಿಯತ್ತೆ ಅಂತ ನಮ್ಮಜ್ಜಿ ಹೇಳ್ತಿದ್ಳು."

ಮಸ್ದಾರ್ ಬಾಚಿಯನ್ನು ಅವನ ಕಾಲ ಬಳಿಯೇ ದಿಮ್ಮಿಗೆ ಕಚ್ಚಿಸಿದ. ರುಸ್ಲಿ ಕಾಲು ಹಿಂದಕ್ಕೆ ಎಳೆದುಕೊಂಡ.

ಮದ್ದಿನ ಬದಲು ತೋಪಿಗೆ ಹಾಕುವ, ನೀರಿಗೆ ಬಿದ್ದರೆ ಗ್ಯಾಸ್ ಬಿಡುವ ಕಾರ್ಬೈಡ್ ಕಲ್ಲು ಹಾಳಾಗುತ್ತದೆ ಅಂತ ಪಾ ಲೊಂಗ್ ಪರೀಕ್ಷೆಗೂ ಒಂದು ಸಲ ಹೊಡೆಯಲು ಬಿಡಲಿಲ್ಲ. ಹಾಗಾಗಿ ಹೊಸ ತೋಪಿನ ದನಿ ಹೇಗಿದೆಯೆಂದು ಹಬ್ಬದ ಹಿಂದಿನ ಸಂಜೆಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಮಸ್ದಾರ್ ಒಬ್ಬನೇ. ಜುಹಾರ್ದಿಯ ಅಳತೆ, ಜುಹಾರ್ದಿಯ ಮರ. ಇನ್ನೇನು ಬರಬೇಕು?

ಆ ಸಂಜೆ ಮನೆಯಲ್ಲಿ ಹಾಲಿಜಾ ಲಾಪಿಸ್ ಕೇಕಿಗೆ ಕೂತಿದ್ದಳು. ತೆಳ್ಳಗೆ ಒಂದು ಪದರ ಹಿಟ್ಟು ಹೊಯ್ದು, ಮುಚ್ಚಳದ ಮೇಲೆ ಕೆಂಡ ಹಾಕಿ ಬೇಯಿಸಿ, ಅದು ಕೆಂಪಾದಮೇಲೆ ಅದರ ಮೇಲೆ ಇನ್ನೊಂದು. ಎದ್ದರೆ ಕೆಟ್ಟಿತು. ಅತ್ತೆ ಸಾನಿಯಾ ಪಕ್ಕದಲ್ಲಿ ಕೂತು ಹಬ್ಬದ ಅನ್ನ ಬೇಯಿಸಲು ತೆಂಗಿನಗರಿಯ ಕೆತುಪಟ್ ಪೊಟ್ಟಣ ಹೆಣೆಯುತ್ತಿದ್ದಳು. ಗಂಡನ ಕಾಲದಿಂದ ತೋಪುಗಳ ಪಕ್ಕದಲ್ಲೇ ಬದುಕಿ ಮುದುಕಿಗೆ ಕಿವಿ ಅರ್ಧ ಹೋಗಿತ್ತು.

"ದಡಕ್ಕೆ ಬಾ," ಅಂದ ಮಸ್ದಾರ್. ಹೊಸ ಅಂಗಿ ಹಾಕಿಕೊಂಡಿದ್ದ.

"ಇದನ್ ಬಿಟ್ಟು ಹೆಂಗ್ ಬರ್ಲಿ? ಕಿವಿ ಇಲ್ಲೇ ಇರತ್ತೆ, ಹೋಗಿ."

"ಮೂರನೇದು ನಂದು."

"ಗೊತ್ತು."

ದಡದಲ್ಲಿ ಗಲ್ಲಿಯೆಲ್ಲ ಸೇರಿತ್ತು. ಹಲಗೆ ದಾರಿಯ ಮೇಲೆ ನಿಲ್ಲಲು ಜಾಗವಿರಲಿಲ್ಲ. ಬಣ್ಣ ಬಳಿದ ಐದು ತೋಪುಗಳು ನೀರಿನ ಕಡೆ ಬಾಯಿ ಮಾಡಿ ಮಲಗಿದ್ದವು. ಸುಟ್ಟ ಸೊತೋಂಗ್ ಮೀನಿನ ವಾಸನೆ, ಕಾರ್ಬೈಡಿನ ಬೆಳ್ಳುಳ್ಳಿಯಂಥ ವಾಸನೆ ಎರಡೂ ಬೆರೆತಿದ್ದವು. ಆಚೆ ದಡದಿಂದ ಒಂದೊಂದಾಗಿ ಸದ್ದು ಬಂತು. ಮೊದಲನೇದಕ್ಕೆ ನಮ್ಮ ಮೊದಲನೇದು ಉತ್ತರ ಕೊಟ್ಟಿತು. ಎರಡನೇದಕ್ಕೆ ಎರಡನೇದು. ಆಮೇಲೆ ಜುಹಾರ್ದಿಯದ್ದು ಬಂತು. ನೀರಿನ ಮೇಲೆ ಉರುಳಿಕೊಂಡು ಬಂದು ಎದೆಗೆ ತಾಗಿತು. ಈ ಸಲ ಮಸ್ದಾರನಿಗೂ ಆ ಹೊಟ್ಟೆ ಕೇಳಿಸಿತು.

ಅವನು ಕಾರ್ಬೈಡ್ ಕಲ್ಲನ್ನು ಹಿಂಬದಿಯ ತೂತಿನಿಂದ ತೋಪಿನೊಳಗಿನ ನೀರಿಗೆ ಬಿಟ್ಟ, ತೂತಿಗೆ ಗೋಣಿ ಮುಚ್ಚಿದ, ಒಳಗೆ ಕೊತಕೊತ ಕುದಿಯುವುದು ಕೇಳಿತು. ಗೋಣಿ ಎಳೆದು ಪಂಜು ಮುಟ್ಟಿಸಿದ. ಜುಹಾರ್ದಿಯ ಸದ್ದು ಇನ್ನೂ ಮನೆಗಳ ನಡುವೆ ಸುತ್ತುತ್ತಿತ್ತು.

ಜನ ಹೋ ಎಂದು ಕೂಗಿದರು. ಪಾ ಲೊಂಗ್, "ಇದಪ್ಪ ಕೈ!" ಅಂದ. ರುಸ್ಲಿ ಕುಣಿದ. ಯಾರಿಗೂ ಕೊರತೆ ಕಾಣಲಿಲ್ಲ. ಮಸ್ದಾರ್ ಮಾತ್ರ ಪಂಜು ಹಿಡಿದು ಹಾಗೇ ನಿಂತ. ಅವನ ತೋಪು ಕೆಮ್ಮಿತ್ತು. ಗಂಟಲಲ್ಲಿ ಮುಳ್ಳು ಸಿಕ್ಕವರ ಹಾಗೆ, ಒಣಕಲಾಗಿ, ಮೇಲುಮೇಲೆ. ಅದೇ ಮರ, ಅದೇ ಅಗಲ, ಅದೇ ಉದ್ದ. ಅವನಿಗೆ ಒಂದೇ ಅರ್ಥ ಹೊಳೆಯಿತು. ಜುಹಾರ್ದಿ ಏನನ್ನೋ ಮುಚ್ಚಿಟ್ಟಿದ್ದಾನೆ. ನಗುನಗುತ್ತ ಹಗ್ಗ ಹಿಡಿದು ಮೋಸ ಮಾಡಿದ್ದಾನೆ.

ಮುಂದಿನ ಸುತ್ತಿಗೆ ಹೊತ್ತಿತ್ತು. "ಒಣ ಗೋಣಿ ತರ್ತೀನಿ," ಅಂತ ಹೇಳಿ ಮನೆಗೆ ಓಡಿದ.

ಹಾಲಿಜಾ ಒಲೆಯಿಂದ ಕಣ್ಣು ಎತ್ತಲಿಲ್ಲ. "ಬಾಗಿಲ್ ಹಾಕ್ಕೊಳಿ, ಗಾಳಿ ಬರತ್ತೆ."

"ಕೇಳಿಸ್ತಾ?"

"ಕೇಳಿಸ್ತು. ಚೆನ್ನಾಗಿತ್ತು."

"ಏನ್ ಚೆನ್ನಾಗಿತ್ತು?" ಅವನ ದನಿ ಏರಿತು. "ನಿಜ ಹೇಳು. ಯಾವುದು ನಂದು ಅಂತ ಗೊತ್ತಾಯ್ತಾ ನಿಂಗೆ?"

"ಗೊತ್ತಾಗ್ದೆ ಏನು? ಕೆಮ್ತಲ್ಲ, ಅದು."

ಮುದುಕಿ ತಲೆಯೆತ್ತಿ, "ಯಾರಿಗೆ ಕೆಮ್ಮು?" ಅಂದಳು.

"ಯಾರಿಗೂ ಇಲ್ಲ ಮಾ," ಅಂತ ಜೋರಾಗಿ ಹೇಳಿ, ಹಾಲಿಜಾ ಗಂಡನ ಕಡೆ ತಿರುಗಿದಳು. "ಮೊದಲ್ನೇ ವರ್ಷದಿಂದ ನಂಗೆ ಗೊತ್ತು ಬಾಂಗ್. ಕೇಳಿದ ತಕ್ಷಣ ಗೊತ್ತಾಗತ್ತೆ. ಗ್ಯಾಸ್ ತುಂಬೋಕೆ ಬಿಡಲ್ಲ ನೀವು. ಬೆಂಕಿ ಇಟ್ಟೇಬಿಡ್ತೀರಿ."

"ಮೊದಲೇ ಹೇಳೋಕೆ ಏನಾಗಿತ್ತು?"

"ಇಡೀ ಗಲ್ಲಿ ನಿಮ್ಮನ್ನ ಹೊತ್ಕೊಂಡ್ ಕುಣಿಯತ್ತೆ. ನಾನ್ಯಾಕೆ ಕೆಡಿಸ್ಲಿ?"

"ಮರ ಅವನದ್ದೇ. ಅಳತೆ ಅವನದ್ದೇ."

"ಅವ ಕಾಯ್ತಾನೆ," ಅಂದಳು ಹಾಲಿಜಾ. ಬಟ್ಟಲಿಂದ ಹಿಟ್ಟು ಹೊಯ್ದು, ತಟ್ಟೆಯನ್ನು ಓರೆ ಮಾಡಿ ಹರಡಿಸಿದಳು. "ಅವನಿಗೆ ಬರೋದು ಅದೊಂದೇ. ಎರಡು ವರ್ಷ ಕಾಯ್ತಾ ಕೂತ, ಕೂತೇ ಹೋದ. ನಿಮ್ಗೆ ಒಂದು ತಿಂಗ್ಳು ತಡ್ಕೊಳ್ಳೋಕೆ ಆಗ್ಲಿಲ್ಲ. ಅದಕ್ಕೇ ನಾನು ಇಲ್ಲಿ ಕೂತು ಲಾಪಿಸ್ ಸುಡ್ತಾ ಇರೋದು. ಸರೀರಿ, ಕೆಂಡ ಹಾಕ್ಬೇಕು."

ಅವಳು ಅದನ್ನು ಒಳ್ಳೆಯ ಮಾತಾಗಿಯೇ ಹೇಳಿದ್ದಳು. ಬೇರೆ ಗಂಡಸಾಗಿದ್ದರೆ ಅಲ್ಲೇ ನಕ್ಕು, ಬಿಸಿ ಕೇಕಿನ ಅಂಚು ಮುರಿದು ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದ. ಮಸ್ದಾರ್ ಗೋಣಿಯನ್ನೂ ಮರೆತು ಬರಿಗೈಯಲ್ಲಿ ಹೊರಬಿದ್ದ.

ಎರಡು ವರ್ಷ.

ಮಾತು ನಡೆದಿತ್ತು ಅಂತಷ್ಟೇ ಅವನಿಗೆ ಗೊತ್ತಿತ್ತು. ದೊಡ್ಡವರು ಆಡುವ ಒಂದು ಮಾತು, ಒಂದು ಹಬ್ಬದಲ್ಲಿ ಎದ್ದು ಇನ್ನೊಂದು ಹಬ್ಬಕ್ಕೆ ಮರೆಯುವಂಥದ್ದು. ಎರಡು ವರ್ಷ ಅಂದರೆ ಬೇರೆ. ಎಲ್ಲಿ ಕೂತು ಕಾದ? ಅವಳ ಮನೆ ಮುಂದಿನ ಹಲಗೆಯ ಮೇಲೋ? ದಿನಾ ಬರುತ್ತಿದ್ದನೋ? ಇವಳು ಕಾಫಿ ತಂದು ಕೊಡುತ್ತಿದ್ದಳೋ? ಇವಳ ಅಪ್ಪ ಅವನನ್ನು ಒಳಗೆ ಕರೆದು ಕೂರಿಸುತ್ತಿದ್ದನೋ? ಕಾಯುವ ಗಂಡಸನ್ನು ಎರಡು ವರ್ಷ ನೋಡಿದ ಹುಡುಗಿ ಏನೂ ಅಂದುಕೊಳ್ಳದೆ ಇರುತ್ತಾಳೆಯೇ? ಅವಳು ಅಷ್ಟು ಸಲೀಸಾಗಿ ಹೇಳಿದ್ದೇ ಅವನಿಗೆ ಅನುಮಾನ ತಂದಿತು.

ದಡಕ್ಕೆ ಬಂದಾಗ ಎರಡನೇ ಸುತ್ತು ಶುರುವಾಗಿತ್ತು. ಆಚೆಯಿಂದ ಜುಹಾರ್ದಿಯ ತೋಪು ಗುಡುಗಿತು. ಮಸ್ದಾರ್ ಕಲ್ಲು ಬಿಟ್ಟ, ನೆನೆದ ಗೋಣಿಯನ್ನೇ ಮುಚ್ಚಿದ, ಪಂಜು ಕೈಗೆ ತೆಗೆದುಕೊಂಡ. ಆಮೇಲೆ ನಿಂತುಬಿಟ್ಟ. ಕಣ್ಣು ಆಚೆ ದಡದ ದೀಪಗಳ ಮೇಲಿತ್ತು. ಅಲ್ಲಿ ಹಾಲಿಜಾಳ ತವರಿನ ಮನೆ, ಅದರ ಮುಂದೆ ದೋಣಿ ಕಟ್ಟುವ ಕಂಬ. ಆ ಕಂಬಕ್ಕೆ ಎರಡು ವರ್ಷ ದೋಣಿ ಕಟ್ಟಿದ್ದಾನೆ ಬೋಳಿಮಗ.

"ಹೊಡೀರಿ ಬಾಂಗ್!" ಅಂದ ರುಸ್ಲಿ.

ಆಚೆ ದಡದವರು ತಟ್ಟೆ ಬಡಿಯಲು ಶುರುಮಾಡಿದರು.

"ಮಸ್ದಾರ್! ನಿದ್ದೆ ಬಂತೇನೋ?" ಪಾ ಲೊಂಗ್ ಗದರಿದ. "ಮರ್ಯಾದೆ ಹೋಗ್ತಿದೆ, ಹೊಡಿಯೋ!"

ಜನ ಗೊಣಗಿದರು. ಯಾರೋ ಸಿಳ್ಳೆ ಹಾಕಿದರು. ಮಸ್ದಾರನ ಕಣ್ಣು ಆ ಕಂಬವನ್ನು ಬಿಟ್ಟು ಬರಲಿಲ್ಲ. ಕಡೆಗೆ ರುಸ್ಲಿ ಅವನ ಭುಜ ಹಿಡಿದು ಅಲ್ಲಾಡಿಸಿದಾಗ, ಬೆಚ್ಚಿದವನ ಹಾಗೆ ಗೋಣಿ ಎಳೆದು ಪಂಜು ತಾಗಿಸಿದ.

ಕಾಲಡಿಯ ಹಲಗೆ ಒಂದು ಸಲ ಮೇಲೆದ್ದು ಕೂತಿತು. ಸದ್ದು ಬಾಯಿಂದ ಬಂದಂತಿರಲಿಲ್ಲ, ನದಿಯ ತಳದಿಂದ ಎದ್ದ ಹಾಗಿತ್ತು. ನೀರು ದಾಟಿ, ಆಚೆಯ ಮನೆಗಳಿಗೆ ಬಡಿದು, ತಿರುಗಿ ನಮ್ಮ ಹತ್ತಿರವೇ ಬಂತು. ಕಟ್ಟಿದ ದೋಣಿಗಳು ಒಂದಕ್ಕೊಂದು ತಾಕಿ ಅಲುಗಿದವು. ಆಚೆ ದಡದಲ್ಲಿ ತಟ್ಟೆಗಳು ನಿಂತವು.

"ಅಬ್ಬಾ," ಅಂದ ರುಸ್ಲಿ. ಅವನ ಬಾಯಲ್ಲಿ ಒಂದೇ ಪದ ಬಂದದ್ದು ಅವತ್ತೇ ಮೊದಲು.

ಪಾ ಲೊಂಗ್ ಮಾತ್ರ ಇನ್ನೂ ಸಿಟ್ಟಿನಲ್ಲಿದ್ದ. "ಸದ್ದು ಬಂತು ಸರಿ. ಉತ್ತರ ಅಂದ್ರೆ ಉತ್ತರ ಆಗಿರ್ಬೇಕು. ಪಕ್ಕದೂರಿನ ಮದುವೆ ನೋಡೋಕ್ ಬಂದವನ ಹಾಗೆ ನಿಂತಿದ್ದ."

ಮಸ್ದಾರ್ ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಪಂಜನ್ನು ರುಸ್ಲಿಯ ಕೈಗೆ ತುರುಕಿ ಮತ್ತೆ ಮನೆಗೆ ಓಡಿದ. ದಾರಿಯುದ್ದ ಪ್ರಶ್ನೆಗಳನ್ನು ಜೋಡಿಸಿಕೊಂಡ. ಯಾವ ಎರಡು ವರ್ಷ? ಎಲ್ಲಿ? ಯಾರ್ಯಾರು ಇದ್ದರು? ಈ ಸಲ ಒಂದನ್ನೂ ಬಿಡುವುದಿಲ್ಲ.

ಹಾಲಿಜಾ ಬಾಗಿಲ ಕಡೆಯೇ ನೋಡುತ್ತಿದ್ದಳು. ಅವಳ ಕೈಯಲ್ಲಿ ಹಿಟ್ಟಿನ ಬಟ್ಟಲು ಹಾಗೇ ನಿಂತಿತ್ತು. ಮುಖದಲ್ಲಿ ಅದೇ ಬೆಳಕು, ತಂಪು ನೀರು ಕುಡಿದವರದ್ದು.

"ಬಾಂಗ್, ಈಗ ಮೂರನೇದು ಹೊಡೆದ್ರಲ್ಲ, ಯಾರದು? ಯಾರ ಕೈ ಅದು?"

ಮಸ್ದಾರ್ ಜೋಡಿಸಿಟ್ಟ ಪ್ರಶ್ನೆಗಳೆಲ್ಲ ಹೋದವು. "ನಂದೇ."

"ಹೋಗ್ರಿ."

"ನಂದೇ ಕಣೇ! ನಾನೇ ಬೆಂಕಿ ಇಟ್ಟಿದ್ದು!"

"ನಾಳೆ ಹಬ್ಬ, ಇವತ್ತಾದ್ರೂ ಸುಳ್ಳು ಹೇಳ್ಬೇಡಿ. ನಿಮ್ಮ ಕೈ ನಂಗೆ ಗೊತ್ತಿಲ್ವಾ? ಅದು ನಿಮ್ಮದಲ್ಲ." ಅವಳಿಗೆ ನಗು ಬಂತು. "ರುಸ್ಲಿದಾ? ಆ ಬಾಯಿಬಡುಕಂಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು?"

"ರುಸ್ಲಿ?" ಅಂದ ಮಸ್ದಾರ್. ಅವನ ತಲೆಯಲ್ಲಿ ಜುಹಾರ್ದಿಯ ಪಕ್ಕದಲ್ಲಿ ರುಸ್ಲಿಗೂ ಒಂದು ಜಾಗವಾಯಿತು. "ರುಸ್ಲಿ ಅಲ್ಲ. ಇರು. ಮುಂದಿನ ಸುತ್ತು ಕೇಳು. ಮೂರನೇದನ್ನೇ ಕೇಳು. ಈಗ ತೋರಿಸ್ತೀನಿ ನಿಂಗೆ."

"ಕೇಳ್ತೀನಿ, ಹೋಗಿ. ಬಾಗಿಲ್ ಹಾಕ್ಕೊಳಿ."

ಅವನು ಬಾಗಿಲು ಹಾಕದೆ ಓಡಿದ. ಹಲಗೆ ದಾರಿಯಲ್ಲಿ ಜನರನ್ನು ತಳ್ಳಿಕೊಂಡು, ಯಾರದೋ ಸೊತೋಂಗ್ ತಟ್ಟೆಯನ್ನು ನೀರಿಗೆ ಬೀಳಿಸಿ, ಬೈಸಿಕೊಂಡು ದಡ ಮುಟ್ಟಿದ. ಮೂರನೇ ಸುತ್ತು ನಡೆಯುತ್ತಿತ್ತು. ರುಸ್ಲಿಯ ಕೈಯಿಂದ ಪಂಜನ್ನು ಕಿತ್ತುಕೊಂಡ. ಜುಹಾರ್ದಿಯ ಸದ್ದು ಬರುವುದಕ್ಕೂ ಅವನು ಕಾಯಲಾರ. ಅದು ಬಂತು. ಕಲ್ಲು ಬಿಟ್ಟ. ಗೋಣಿ ಮುಚ್ಚಿದ. ಈಗ ಕಾಯಬೇಕು ಅಂತ ಅವನಿಗೆ ಗೊತ್ತಿತ್ತು. ಅವಳು ಅಲ್ಲಿ ಬಟ್ಟಲು ಹಿಡಿದು ಕಿವಿ ಕೊಟ್ಟು ಕೂತಿದ್ದಾಳೆ ಅಂತಲೂ ಗೊತ್ತಿತ್ತು. ಒಂದು ಗಳಿಗೆ ತಡೆದ. ಇನ್ನೂ ಒಂದು. ಅಷ್ಟರಲ್ಲಿ ಕೈ ತಾನಾಗಿ ಗೋಣಿ ಎಳೆದು ಪಂಜು ತಾಗಿಸಿಬಿಟ್ಟಿತ್ತು.

ಜನ ಹೋ ಎಂದರು. "ಈಗ ಬಂದ ನೋಡು ದಾರಿಗೆ!" ಅಂದ ಪಾ ಲೊಂಗ್.

ಅಡುಗೆಮನೆಯಲ್ಲಿ ಹಾಲಿಜಾ ಮುಂದಿನ ಪದರ ಹೊಯ್ದಳು. "ಹಾಂ, ಇದು ಇವರು," ಅಂದಳು.

"ಯಾರು ಬಂದ್ರು?" ಅಂತ ಸಾನಿಯಾ ಬಾಗಿಲ ಕಡೆ ನೋಡಿದಳು.

"ಯಾರೂ ಬಂದಿಲ್ಲ ಮಾ." ಹಾಲಿಜಾ ಎದ್ದು ಬಾಗಿಲು ಹಾಕಿ ಬಂದು, ಮುಚ್ಚಳದ ಮೇಲೆ ಕೆಂಡ ಹಾಕಿದಳು.